‘ಐ’ ಸರಿಯಾ, ‘ಮಿ’ ಸರಿಯಾ? ಇಂಗ್ಲಿಷ್ ಸರ್ವನಾಮಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಕಲಿಯಲು ನನ್ನ ಹತ್ತಿರ ಬರುವವರು ಬೇರೆ ಬೇರೆ ವಯಸ್ಸಿನವರು, ಬೇರೆ ಬೇರೆ ಕೆಲಸದವರು. ಆದರೆ ಈ ಒಂದು ವಿಷಯದಲ್ಲಿ ಎಲ್ಲರ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಸೇರಿಸಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಈ ವ್ಯತ್ಯಾಸ ನಿಮಗೆ ಹೊಸದಲ್ಲ. ‘ನಾನು’ ಯಾವಾಗ, ‘ನನ್ನನ್ನು’ ಯಾವಾಗ ಅಂತ ಕನ್ನಡದ ಮೂರು ವರ್ಷದ ಮಗುವಿಗೂ ಗೊತ್ತು. ಆ ತಿಳಿವಳಿಕೆಯನ್ನೇ ಇಂಗ್ಲಿಷಿಗೆ ತಿರುಗಿಸಬೇಕು, ಅಷ್ಟೆ. ಎಲ್ಲಿ ಅದು ಕೈಕೊಡುತ್ತದೆ ಅನ್ನುವುದನ್ನೂ ತಿಳಿದಿರಬೇಕು.

ಸಬ್ಜೆಕ್ಟ್ ಪ್ರೊನೌನ್, ಆಬ್ಜೆಕ್ಟ್ ಪ್ರೊನೌನ್ ಅಂದರೆ ಏನು?

ಕೆಲಸ ಮಾಡುವವರನ್ನು ತೋರಿಸುವುದು ಸಬ್ಜೆಕ್ಟ್ ಪ್ರೊನೌನ್. ಆ ಕೆಲಸ ಯಾರಿಗೆ ತಾಗುತ್ತದೋ ಅವರನ್ನು ತೋರಿಸುವುದು ಆಬ್ಜೆಕ್ಟ್ ಪ್ರೊನೌನ್. ‘ಶಿ ಕಾಲ್ಡ್ ಹಿಮ್’ ಅಂದರೆ ಅವಳು ಅವನನ್ನು ಕರೆದಳು. ತಿರುಗಿಸಿದರೆ ‘ಹಿ ಕಾಲ್ಡ್ ಹರ್’. ಜನ ಅದೇ ಇಬ್ಬರು. ಕರೆದವರು ಯಾರು ಅನ್ನುವುದು ಬದಲಾಯಿತು, ಅದರ ಜೊತೆಗೇ ಎರಡು ಪದಗಳ ರೂಪವೂ ಬದಲಾಯಿತು.

ಆಬ್ಜೆಕ್ಟ್ ರೂಪಕ್ಕೆ ಇನ್ನೊಂದು ಜಾಗವೂ ಇದೆ. ಟು, ಫಾರ್, ವಿತ್, ಫ್ರಮ್, ಬಿಟ್ವೀನ್ ತರಹದ ಪ್ರಿಪೊಸಿಷನ್‌ಗಳ ನಂತರ ಯಾವಾಗಲೂ ಅದೇ ಬರುತ್ತದೆ: ‘ವಿತ್ ಹಿಮ್’, ‘ಫಾರ್ ಅಸ್’, ‘ಫ್ರಮ್ ದೆಮ್’.

ಒಟ್ಟು ಎಷ್ಟು ಜೋಡಿ ಕಲಿಯಬೇಕು?

ಆರೇ ಆರು. ಐ–ಮಿ, ಹಿ–ಹಿಮ್, ಶಿ–ಹರ್, ವಿ–ಅಸ್, ದೇ–ದೆಮ್, ಹೂ–ಹೂಮ್. ‘ಯು’ ಮತ್ತು ‘ಇಟ್’ ಎರಡೂ ಕಡೆ ಒಂದೇ ರೂಪ. ‘ಹರ್’ ಮಾತ್ರ ಎರಡು ಕೆಲಸ ಮಾಡುತ್ತದೆ. ‘ಐ ಸಾ ಹರ್’ ಅಂದಾಗ ‘ಅವಳನ್ನು’, ‘ಹರ್ ಬುಕ್’ ಅಂದಾಗ ‘ಅವಳ’. ಇದರಿಂದ ತೊಂದರೆ ಏನಿಲ್ಲ, ಗೊತ್ತಿರಲಿ ಅಂತ ಹೇಳಿದೆ.

‘ಮೈ ಫ್ರೆಂಡ್ ಅಂಡ್ ಐ’ ಸರಿಯಾ, ‘ಮೈ ಫ್ರೆಂಡ್ ಅಂಡ್ ಮಿ’ ಸರಿಯಾ?

ಎರಡೂ ಸರಿ, ತಂತಮ್ಮ ಜಾಗದಲ್ಲಿ. ಅತಿ ಹೆಚ್ಚು ಬರುವ ಪ್ರಶ್ನೆ ಇದು. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಒಂದು ಸಂಜೆ ಒಬ್ಬ ಹುಡುಗಿ ಕೆಲಸದ ಅರ್ಜಿ ಬರೆದುಕೊಂಡು ಬಂದಿದ್ದಳು. ಅದರಲ್ಲಿ ಒಂದು ಸಾಲು: ‘ದ ಮ್ಯಾನೇಜರ್ ಟ್ರೇನ್ಡ್ ಮೈ ಕಲೀಗ್ ಅಂಡ್’, ಆಮೇಲೆ ನೀಲಿ ಶಾಯಿಯಲ್ಲಿ ‘ಮಿ’. ಅದನ್ನು ಎರಡು ಗೆರೆ ಎಳೆದು ಹೊಡೆದು ಹಾಕಿ, ಮೇಲೆ ಚಿಕ್ಕದಾಗಿ ‘ಐ’ ಅಂತ ಬರೆದಿದ್ದಳು. ಯಾಕೆ ಬದಲಿಸಿದೆ ಅಂತ ಕೇಳಿದೆ. ‘ಐ ಅಂದ್ರೆ ಚೆನ್ನಾಗಿರುತ್ತೆ ಅನ್ನಿಸ್ತು’ ಅಂದಳು. ನಾನು ‘ಮೈ ಕಲೀಗ್ ಅಂಡ್’ ಅನ್ನುವ ಪದಗಳ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿದೆ. ಈಗ ಓದು ಅಂದೆ. ‘ದ ಮ್ಯಾನೇಜರ್ ಟ್ರೇನ್ಡ್ ಐ’ ಅಂತ ಓದಿದವಳು ಅಲ್ಲೇ ನಿಂತಳು. ನಾನು ಇನ್ನೇನೂ ಹೇಳಬೇಕಾಗಿ ಬರಲಿಲ್ಲ. ಪೆನ್ನು ತೆಗೆದುಕೊಂಡು ತಾನೇ ‘ಮಿ’ ಅಂತ ವಾಪಸ್ ಬರೆದಳು.

ಉಪಾಯ ಇಷ್ಟೇ. ಜೊತೆಗಿರುವವರನ್ನು ಬೆರಳಿನಿಂದ ಮುಚ್ಚಿ ಓದಿ. ‘ಮೈ ಸಿಸ್ಟರ್ ಅಂಡ್ ಐ ವೆಂಟ್ ಹೋಮ್’ ಅನ್ನುವುದರಲ್ಲಿ ಸಿಸ್ಟರ್ ಮುಚ್ಚಿ: ‘ಐ ವೆಂಟ್ ಹೋಮ್’. ಸರಿ. ‘ದೇ ಇನ್ವೈಟೆಡ್ ಮೈ ಸಿಸ್ಟರ್ ಅಂಡ್ ಐ’ ಅನ್ನುವುದರಲ್ಲಿ ಮುಚ್ಚಿ: ‘ದೇ ಇನ್ವೈಟೆಡ್ ಐ’. ಕಿವಿಗೇ ಒಗ್ಗುವುದಿಲ್ಲ, ಅಲ್ವಾ? ಹಾಗಾದರೆ ‘ಮಿ’ ಬರಬೇಕು. ಇಬ್ಬರೂ ಸರ್ವನಾಮಗಳೇ ಆಗಿದ್ದರೆ ಒಂದೊಂದಾಗಿ ಮುಚ್ಚಿ ನೋಡಿ. ‘ಹಿಮ್ ಅಂಡ್ ಐ ಮೆಟ್ ದೆಮ್’ ಅನ್ನುವುದರಲ್ಲಿ ‘ಐ’ ಸರಿ, ‘ಹಿಮ್ ಮೆಟ್’ ತಪ್ಪು. ‘ಹಿ ಅಂಡ್ ಐ ಮೆಟ್ ದೆಮ್’ ಆಗಬೇಕು.

ಒಂಟಿಯಾಗಿರುವಾಗ ಯಾರೂ ತಪ್ಪುವುದಿಲ್ಲ. ನಡುವೆ ‘ಅಂಡ್’ ಬಂದಾಗಲೇ ಎಡವುತ್ತೇವೆ. ಒಬ್ಬರಿದ್ದರೂ ಅದೇ ರೂಪ, ಹತ್ತು ಜನ ಇದ್ದರೂ ಅದೇ ರೂಪ. ಈ ಒಂದು ವಿಷಯ ಮನಸ್ಸಿಗೆ ಬಂದರೆ ತಪ್ಪುಗಳಲ್ಲಿ ಬಹುಪಾಲು ಅಲ್ಲೇ ಮುಗಿಯುತ್ತವೆ.

‘ಐ’ ಅನ್ನುವುದೇ ಹೆಚ್ಚು ಮರ್ಯಾದೆ ಅಂತ ಹೇಳಿಕೊಟ್ಟಿದ್ದಾರಲ್ಲ?

ಇದು ಎಲ್ಲಿಂದ ಬಂತು ಗೊತ್ತಾ? ಮಕ್ಕಳು ‘ಮಿ ಅಂಡ್ ಹಿಮ್ ವೆಂಟ್’ ಅಂತ ಹೇಳಿದಾಗ ದೊಡ್ಡವರು ತಿದ್ದುತ್ತಾರೆ: ‘ಹಿ ಅಂಡ್ ಐ ಅನ್ನು’ ಅಂತ. ತಿದ್ದಿದ್ದು ಸರಿಯೇ. ಆದರೆ ಯಾಕೆ ಅಂತ ಹೇಳುವುದಿಲ್ಲ. ಮಗು ತನಗೆ ತೋಚಿದಂತೆ ಅರ್ಥ ಮಾಡಿಕೊಳ್ಳುತ್ತದೆ: ‘ಮಿ’ ಒರಟು, ‘ಐ’ ನಯ. ಆ ಮಗು ದೊಡ್ಡದಾಗಿ ಎಲ್ಲ ಕಡೆಯೂ ‘ಐ’ ಹಾಕಲು ಶುರು ಮಾಡುತ್ತದೆ. ಇಂಗ್ಲಿಷ್ ಮನೆಮಾತಾಗಿರುವವರೂ ಈ ತಪ್ಪನ್ನು ಧಾರಾಳವಾಗಿ ಮಾಡುತ್ತಾರೆ. ಭಾಷೆ ಓದುವವರು ಇದನ್ನು ಹೈಪರ್‌ಕರೆಕ್ಷನ್ ಅನ್ನುತ್ತಾರೆ. ತಪ್ಪಿಗೆ ಹೆದರಿ, ಸರಿ ಇದ್ದದ್ದನ್ನೂ ತಿದ್ದಿ ಕೆಡಿಸುವುದು.

‘ಮಿ’ ಒರಟು ಪದ ಅಲ್ಲ. ‘ನನ್ನನ್ನು’ ಅನ್ನುವುದು ಕನ್ನಡದಲ್ಲಿ ಒರಟಾ? ಹಾಗೇ ಇದೂ. ಇದನ್ನು ನಾನು ಒತ್ತಿ ಹೇಳುತ್ತೇನೆ. ಯಾಕೆಂದರೆ ತಪ್ಪಾಗಿ ‘ಐ’ ಬರೆಯುವವರಲ್ಲಿ ಹೆಚ್ಚಿನವರು ಶ್ರದ್ಧೆಯಿಂದ ಬರೆಯುವವರೇ. ಆ ಶ್ರದ್ಧೆ ವ್ಯರ್ಥವಾಗಬಾರದು.

‘ಬಿಟ್ವೀನ್ ಯು ಅಂಡ್ ಐ’ ಅಂತ ಎಷ್ಟೋ ಜನ ಹೇಳುತ್ತಾರೆ. ಅದು ತಪ್ಪಾ?

ಇವತ್ತಿನ ಒಪ್ಪಿತ ಬರವಣಿಗೆಯಲ್ಲಿ ತಪ್ಪು. ‘ಬಿಟ್ವೀನ್’ ಪ್ರಿಪೊಸಿಷನ್ ಆದ್ದರಿಂದ ‘ಬಿಟ್ವೀನ್ ಯು ಅಂಡ್ ಮಿ’ ಆಗಬೇಕು. ಬೆರಳಿನ ಉಪಾಯ ಇಲ್ಲಿ ಸರಿಯಾಗಿ ನಡೆಯುವುದಿಲ್ಲ, ಯಾಕೆಂದರೆ ‘ನಡುವೆ’ ಅನ್ನುವುದಕ್ಕೆ ಇಬ್ಬರು ಬೇಕು. ಅದಕ್ಕೆ ‘ಯು ಅಂಡ್ ಐ’ ತೆಗೆದು ‘ವಿ’ ಅಥವಾ ‘ಅಸ್’ ಹಾಕಿ ನೋಡಿ. ‘ಬಿಟ್ವೀನ್ ವಿ’ ಅಂತ ಯಾರೂ ಹೇಳುವುದಿಲ್ಲ. ‘ಬಿಟ್ವೀನ್ ಅಸ್’ ಅನ್ನುತ್ತೇವೆ. ‘ಅಸ್’ ಒಪ್ಪಿದ ಕಡೆ ‘ಮಿ’ಯೇ ಬರುತ್ತದೆ.

ಆದರೆ ಇದು ಇತ್ತೀಚಿನ ಕೆಟ್ಟ ಚಾಳಿ ಅಂತ ತಿಳಿಯಬೇಡಿ. ಶೇಕ್ಸ್‌ಪಿಯರ್‌ನ ‘ಮರ್ಚೆಂಟ್ ಆಫ್ ವೆನಿಸ್’ 1600ರಲ್ಲಿ ಅಚ್ಚಾದ ನಾಟಕ. ಅದರಲ್ಲಿ ಆಂಟೋನಿಯೋ ಬರೆಯುವ ಪತ್ರದಲ್ಲೇ ‘ಬಿಟ್ವೀನ್ ಯು ಅಂಡ್ ಐ’ ಅಂತ ಇದೆ. ನಾಲ್ಕು ಶತಮಾನದಿಂದ ಜನರ ಬಾಯಲ್ಲಿ ಇರುವ ಮಾತು ಅದು. ಹಾಗಾಗಿ ಯಾರಾದರೂ ಹಾಗೆ ಮಾತಾಡಿದರೆ ಅವರನ್ನು ಕೀಳಾಗಿ ನೋಡುವುದು ಬೇಡ. ನೀವು ಬರೆಯುವಾಗ ಮಾತ್ರ ‘ಮಿ’ ಬರೆಯಿರಿ.

ಕನ್ನಡದಲ್ಲಿ ‘ನನಗೆ’ ಅಂತ ಬಂದರೆ ಇಂಗ್ಲಿಷ್‌ನಲ್ಲಿ ‘ಮಿ’ ಅಂತ ಹಾಕಬಹುದಾ?

ಕನ್ನಡ ನಮಗೆ ಕೈಕೊಡುವುದು ಇಲ್ಲೇ.

ಕನ್ನಡದಲ್ಲಿ ಗೊತ್ತಿರುವುದು, ಬೇಕಾಗುವುದು, ಇಷ್ಟವಾಗುವುದು, ಹಸಿವಾಗುವುದು, ನೆನಪಿರುವುದು, ಅರ್ಥವಾಗುವುದು ಎಲ್ಲವೂ ‘ನನಗೆ’ ಆಗುತ್ತವೆ. ನಾನು ಅವನ್ನು ಮಾಡುವುದಿಲ್ಲ. ಅವೇ ನನ್ನ ಹತ್ತಿರ ಬರುತ್ತವೆ. ಇಂಗ್ಲಿಷ್ ಹಾಗೆ ನೋಡುವುದಿಲ್ಲ. ಅಲ್ಲಿ ಗೊತ್ತಿರುವವನೇ ಸಬ್ಜೆಕ್ಟ್. ನನಗೆ ಗೊತ್ತು ಅಂದರೆ ‘ಐ ನೋ’. ನನಗೆ ಬೇಕು ಅಂದರೆ ‘ಐ ವಾಂಟ್ ಇಟ್’. ನನಗೆ ಹಸಿವು ಅಂದರೆ ‘ಐ ಆಮ್ ಹಂಗ್ರಿ’.

‘ಮಿ ನೋ’ ಅಂತ ಯಾರೂ ಹೇಳುವುದಿಲ್ಲ, ಇದರಲ್ಲಿ ಏನು ತೊಂದರೆ ಅಂತ ಕೇಳಬಹುದು. ತೊಂದರೆ ಬರುವುದು ವಾಕ್ಯ ಉದ್ದವಾದಾಗ. ‘ನನಗೂ ನನ್ನ ತಂಗಿಗೂ ಈ ವಿಷಯ ಗೊತ್ತಿತ್ತು’ ಅಂತ ತಲೆಯಲ್ಲಿ ಓಡುತ್ತಿರುತ್ತದೆ. ಕೈ ‘ಮಿ ಅಂಡ್ ಮೈ ಸಿಸ್ಟರ್ ನ್ಯೂ’ ಅಂತ ಬರೆದಿರುತ್ತದೆ. ‘ಅವನಿಗೂ ಅವಳಿಗೂ ಇಷ್ಟ ಆಯಿತು’ ಅನ್ನುವುದು ‘ಹಿಮ್ ಅಂಡ್ ಹರ್ ಲೈಕ್ಡ್ ಇಟ್’ ಆಗಿಬಿಡುತ್ತದೆ. ಆಗಬೇಕಾದದ್ದು ‘ಮೈ ಸಿಸ್ಟರ್ ಅಂಡ್ ಐ ನ್ಯೂ’, ‘ಹಿ ಅಂಡ್ ಶಿ ಲೈಕ್ಡ್ ಇಟ್’.

ಇದಕ್ಕೆ ನಾನು ಹೇಳಿಕೊಡುವ ದಾರಿ ಇದು. ಕನ್ನಡ ವಾಕ್ಯದಲ್ಲಿ ‘ನನಗೆ’ ಸಿಕ್ಕರೆ, ಅಲ್ಲಿ ಬೇರೆ ಯಾರಾದರೂ ಏನಾದರೂ ಮಾಡುತ್ತಿದ್ದಾರಾ ನೋಡಿ. ‘ಅವನು ನನಗೆ ಪುಸ್ತಕ ಕೊಟ್ಟ’ ಅನ್ನುವುದರಲ್ಲಿ ಕೊಟ್ಟವನು ಒಬ್ಬನಿದ್ದಾನೆ. ಹಾಗಾಗಿ ‘ನನಗೆ’ ಅಂದರೆ ‘ಮಿ’: ‘ಹಿ ಗೇವ್ ಮಿ ಅ ಬುಕ್’. ‘ನನಗೆ ನೆನಪಿದೆ’ ಅನ್ನುವುದರಲ್ಲಿ ಬೇರೆ ಯಾರೂ ಏನೂ ಮಾಡುತ್ತಿಲ್ಲ. ಇರುವವನು ನಾನೊಬ್ಬನೇ. ಹಾಗಾಗಿ ‘ಐ ರಿಮೆಂಬರ್’. ಹೊರತಾದ ಮಾತುಗಳೂ ಕೆಲವು ಇವೆ. ‘ನನಗೆ ಹೀಗೆ ಕಾಣುತ್ತದೆ’ ಅನ್ನುವುದಕ್ಕೆ ‘ಇಟ್ ಸೀಮ್ಸ್ ಟು ಮಿ’ ಅಂತಲೇ ಹೇಳುತ್ತಾರೆ. ಆದರೆ ದಿನದ ಮಾತಿನಲ್ಲಿ ಈ ದಾರಿ ಚೆನ್ನಾಗಿ ನಡೆಯುತ್ತದೆ.

ನನಗೆ ತುಂಬಾ ಇಷ್ಟವಾದ ಸಂಗತಿಯೊಂದು ಇಲ್ಲೇ ಇದೆ. ಒಂದು ಕಾಲದಲ್ಲಿ ಇಂಗ್ಲಿಷ್ ಕೂಡ ಕನ್ನಡದ ಹಾಗೇ ಮಾತಾಡುತ್ತಿತ್ತು! ಹಳೆಯ ಇಂಗ್ಲಿಷ್‌ನಲ್ಲಿ ‘ಲೈಕ್’ ಅನ್ನುವ ಪದದ ಅರ್ಥ ‘ಇಷ್ಟವಾಗು’ ಅಂತ. ಅದು ‘ನನಗೆ’ ಇಷ್ಟವಾಗುತ್ತಿತ್ತು. ಹಸಿವೂ ‘ನನಗೆ’ ಆಗುತ್ತಿತ್ತು. ಹಳೆಯ ನಾಟಕಗಳಲ್ಲಿ ಸಿಗುವ ‘ಮಿಥಿಂಕ್ಸ್’ ಅನ್ನುವ ಪದ ಆ ಕಾಲದ ಉಳಿಕೆ. ಅದರಲ್ಲಿರುವ ‘ಮಿ’ ನಮ್ಮ ‘ನನಗೆ’. ಇಡೀ ಪದದ ಅರ್ಥ ‘ನನಗೆ ಅನ್ನಿಸುತ್ತದೆ’. ಆಮೇಲೆ ಇಂಗ್ಲಿಷ್ ಆ ದಾರಿ ಬಿಟ್ಟಿತು. ಮನುಷ್ಯನನ್ನು ಮುಂದಕ್ಕೆ ತಂದು ಸಬ್ಜೆಕ್ಟ್ ಮಾಡಿತು. ನಾವು ಇವತ್ತಿಗೂ ಹಳೆಯ ದಾರಿಯಲ್ಲೇ ಇದ್ದೇವೆ. ಹಾಗಾಗಿ ‘ನನಗೆ ಇಷ್ಟ’ ಅಂತ ಯೋಚಿಸುವ ಮನಸ್ಸು ‘ಮಿ’ ಕಡೆ ವಾಲಿದರೆ ಅದರಲ್ಲಿ ದಡ್ಡತನ ಏನೂ ಇಲ್ಲ.

‘ನನ್ನ ಹತ್ತಿರ ಇದೆ’, ‘ನನ್ನಿಂದ ಆಗಲ್ಲ’ ಅನ್ನುವುದಕ್ಕೆ?

ಎರಡಕ್ಕೂ ‘ಐ’. ‘ಐ ಹ್ಯಾವ್ ಇಟ್’, ‘ಐ ಕಾಂಟ್ ಡು ಇಟ್’. ಮೇಲೆ ಹೇಳಿದ ಕಾರಣವೇ.

‘ಅವನು ಬರಲಿ ಅಂತ ನನ್ನ ಆಸೆ’ ಅನ್ನುವಾಗ ‘ಹಿ’ ಹಾಕಬೇಕಾ, ‘ಹಿಮ್’ ಹಾಕಬೇಕಾ?

‘ಐ ವಾಂಟ್ ಹಿಮ್ ಟು ಕಮ್’. ಕನ್ನಡದಲ್ಲಿ ‘ಅವನು’ ಅಂತಿದೆ. ಬರುವವನೂ ಅವನೇ. ಆದರೂ ಇಂಗ್ಲಿಷ್‌ನಲ್ಲಿ ಅವನು ‘ವಾಂಟ್’ ಅನ್ನುವ ಕ್ರಿಯಾಪದದ ಕೈಗೆ ಸಿಕ್ಕಿಕೊಂಡಿದ್ದಾನೆ. ಅದಕ್ಕೆ ಆಬ್ಜೆಕ್ಟ್ ರೂಪ. ‘ಐ ಸಾ ಹರ್ ಲೀವ್’, ‘ಮೇಕ್ ದೆಮ್ ವೇಟ್’, ‘ಲೆಟ್ ಅಸ್ ಗೋ’ ಎಲ್ಲ ಇದೇ ಜಾತಿ. ‘ಲೆಟ್’ ಆದ ಮೇಲೆ ‘ಅಂಡ್’ ಬಂದಾಗಲಂತೂ ಹುಷಾರು: ‘ಲೆಟ್ ಹಿಮ್ ಅಂಡ್ ಮಿ ಹ್ಯಾಂಡಲ್ ಇಟ್’. ಇಲ್ಲಿ ‘ಹಿ ಅಂಡ್ ಐ’ ಬರುವುದಿಲ್ಲ.

ಆದರೆ ನಡುವೆ ‘ದ್ಯಾಟ್’ ಬಂದು, ಆಮೇಲೆ ಪೂರ್ತಿ ವಾಕ್ಯ ಶುರುವಾದರೆ ಸಬ್ಜೆಕ್ಟ್ ರೂಪವೇ ಬೇಕು: ‘ಐ ಹೋಪ್ ದ್ಯಾಟ್ ಹಿ ಕಮ್ಸ್’. ‘ದ್ಯಾಟ್’ ಬಾಯಲ್ಲಿ ಬಿಟ್ಟುಹೋದರೂ ಅಷ್ಟೆ: ‘ಐ ಹೋಪ್ ಹಿ ಕಮ್ಸ್’. ಇದಕ್ಕೊಂದು ಗುರುತು ಇದೆ. ಸರ್ವನಾಮದ ನಂತರ ಬರುವ ಕ್ರಿಯಾಪದವನ್ನು ನೋಡಿ. ಅದು ‘ಕಮ್ಸ್’, ‘ಕೇಮ್’, ‘ವಿಲ್ ಕಮ್’ ಅಂತ ಕಾಲ ತೋರಿಸುತ್ತಿದ್ದರೆ ‘ಹಿ’. ‘ಟು ಕಮ್’, ‘ಕಮ್’, ‘ಕಮಿಂಗ್’ ಅಂತ ಕಾಲವಿಲ್ಲದೆ ನಿಂತಿದ್ದರೆ ‘ಹಿಮ್’.

‘ಟಾಲರ್ ದ್ಯಾನ್ ಐ’ ಸರಿಯಾ, ‘ಟಾಲರ್ ದ್ಯಾನ್ ಮಿ’ ಸರಿಯಾ?

ಮಾತಿನಲ್ಲಿ ‘ದ್ಯಾನ್ ಮಿ’ ಸಹಜ. ಶಾಸ್ತ್ರ ಹಿಡಿದು ಬರೆಯುವವರು ‘ದ್ಯಾನ್ ಐ’ ಅನ್ನುತ್ತಾರೆ. ಅವರ ಪ್ರಕಾರ ಅಲ್ಲಿ ‘ದ್ಯಾನ್ ಐ ಆಮ್’ ಅನ್ನುವ ವಾಕ್ಯ ಅಡಗಿದೆ. ಇನ್ನೊಂದು ಪಕ್ಷದವರು ‘ದ್ಯಾನ್’ ಇಲ್ಲಿ ಪ್ರಿಪೊಸಿಷನ್ ತರಹ ನಿಂತಿದೆ, ಹಾಗಾಗಿ ‘ಮಿ’ ಸರಿ ಅನ್ನುತ್ತಾರೆ. ಈ ಜಗಳ ತುಂಬಾ ಹಳೆಯದು. ನನ್ನ ಸಲಹೆ: ‘ದ್ಯಾನ್ ಐ ಆಮ್’ ಅಂತ ಪೂರ್ತಿ ಬರೆದುಬಿಡಿ. ಯಾರೂ ತಕರಾರು ಮಾಡುವುದಿಲ್ಲ.

ಒಂದು ಕಡೆ ಮಾತ್ರ ಅರ್ಥವೇ ಎರಡಾಗುತ್ತದೆ. ‘ಶಿ ಲೈಕ್ಸ್ ಯು ಮೋರ್ ದ್ಯಾನ್ ಮಿ’ ಅಂದರೆ ‘ಅವಳಿಗೆ ನನ್ನ ಮೇಲೆ ಇರುವ ಪ್ರೀತಿಗಿಂತ ನಿನ್ನ ಮೇಲೆ ಜಾಸ್ತಿ’ ಅಂತಲೂ ಆಗಬಹುದು. ‘ನಿನ್ನ ಮೇಲೆ ನನಗಿರುವುದಕ್ಕಿಂತ ಅವಳಿಗೆ ಜಾಸ್ತಿ ಪ್ರೀತಿ’ ಅಂತಲೂ ಆಗಬಹುದು. ‘ದ್ಯಾನ್ ಐ’ ಅಂದರೆ ಎರಡನೆಯದು ಮಾತ್ರ. ಕನ್ನಡದ ‘ನನಗಿಂತ’ ಅನ್ನುವುದರಲ್ಲೂ ಇದೇ ಗೊಂದಲ ಇದೆ, ಗಮನಿಸಿದ್ದೀರಾ? ‘ಅವಳು ನನಗಿಂತ ನಿನ್ನನ್ನು ಹೆಚ್ಚು ಇಷ್ಟಪಡುತ್ತಾಳೆ’ ಅಂದಾಗಲೂ ಕೇಳಿದವರು ಒಂದು ಕ್ಷಣ ಯೋಚಿಸಬೇಕು. ಇಂಥ ಕಡೆ ‘ದ್ಯಾನ್ ಐ ಡು’ ಅಥವಾ ‘ದ್ಯಾನ್ ಶಿ ಲೈಕ್ಸ್ ಮಿ’ ಅಂತ ಬಿಡಿಸಿ ಹೇಳಿ.

ಬಾಗಿಲು ತಟ್ಟಿ ‘ಇಟ್ಸ್ ಮಿ’ ಅನ್ನುವುದು ತಪ್ಪಂತೆ, ‘ಇಟ್ ಈಸ್ ಐ’ ಅನ್ನಬೇಕಂತೆ. ನಿಜವಾ?

‘ಇಟ್ಸ್ ಮಿ’ ಅನ್ನಿ, ಧೈರ್ಯವಾಗಿ.

‘ಇಟ್ ಈಸ್ ಐ’ ಅನ್ನುವ ಪಾಠದ ಹಿಂದೆ ಲ್ಯಾಟಿನ್ ನೆರಳಿದೆ. ಇಂಗ್ಲಿಷ್‌ಗೆ ವ್ಯಾಕರಣ ಬರೆದ ಹಳಬರು ಲ್ಯಾಟಿನ್ ಓದಿಕೊಂಡವರು. ಆ ಭಾಷೆಯಲ್ಲಿ ‘ಆಗಿದೆ’ ಅನ್ನುವ ಕ್ರಿಯಾಪದದ ಎರಡೂ ಬದಿಗೆ ಒಂದೇ ವಿಭಕ್ತಿ ಬರುತ್ತದೆ. ಕನ್ನಡವೂ ಆ ಕಡೆಯದೇ. ‘ಅದು ನಾನೇ’ ಅನ್ನುತ್ತೇವೆ, ‘ಅದು ನನ್ನನ್ನೇ’ ಅನ್ನುವುದಿಲ್ಲ. ಹಾಗಾಗಿ ಕನ್ನಡದವರಿಗೆ ‘ಇಟ್ ಈಸ್ ಐ’ ಅನ್ನುವುದೇ ತರ್ಕಕ್ಕೆ ಸರಿ ಅನ್ನಿಸುತ್ತದೆ. ಆದರೆ ಇಂಗ್ಲಿಷ್ ಮಾತಾಡುವವರು ಕ್ರಿಯಾಪದದ ನಂತರ ಬಂದದ್ದಕ್ಕೆ ಆಬ್ಜೆಕ್ಟ್ ರೂಪ ಹಾಕಿ ರೂಢಿಯಾಗಿದ್ದಾರೆ. ಬಾಗಿಲಾಚೆ ನಿಂತು ‘ಇಟ್ ಈಸ್ ಐ’ ಅಂದರೆ ರಂಗದ ಮೇಲಿನ ಮಾತಿನ ಹಾಗೆ ಕೇಳುತ್ತದೆ. ಫೋನಿನಲ್ಲಿ ‘ದಿಸ್ ಈಸ್ ಶಿ’ ಅನ್ನುವವರು ಇನ್ನೂ ಇದ್ದಾರೆ. ಅದು ತಪ್ಪಲ್ಲ. ಸ್ವಲ್ಪ ಬಿಗಿಯಾಗಿ ಕೇಳುತ್ತದೆ ಅಷ್ಟೆ. ಹೆಸರು ಹೇಳಿದರೆ ಇನ್ನೂ ಒಳ್ಳೆಯದು.

ಇದೇ ಸಾಲಿಗೆ ಸೇರಿದ್ದು ಒಂದೇ ಪದದ ಉತ್ತರ. ಯಾರು ಅಂತ ಕೇಳಿದರೆ ‘ಮಿ’. ನನಗೂ ಹಾಗೇ ಅನ್ನಲು ‘ಮಿ ಟೂ’. ‘ಐ ಟೂ’ ಅಂತ ಒಂಟಿಯಾಗಿ ಯಾರೂ ಹೇಳುವುದಿಲ್ಲ.

‘ಹೂ’ ಮತ್ತು ‘ಹೂಮ್’ ನಡುವೆ ಯಾವಾಗಲೂ ಗೊಂದಲ. ಸುಲಭ ದಾರಿ ಇದೆಯಾ?

ಇದೆ. ನಮ್ಮ ಹತ್ತಿರ ಇಂಗ್ಲಿಷಿನವರಿಗಿಂತ ಒಳ್ಳೆಯ ದಾರಿ ಇದೆ. ಅವರು ‘ಹಿ’, ‘ಹಿಮ್’ ಹಾಕಿ ವಾಕ್ಯ ತಿರುಗಿಸಿ ನೋಡಬೇಕು. ನಾವು ಸುಮ್ನೆ ಕನ್ನಡದಲ್ಲಿ ಕೇಳಿಕೊಂಡರೆ ಸಾಕು. ‘ಯಾರು’ ಬಂದರೆ ಹೂ. ‘ಯಾರನ್ನು’ ಬಂದರೆ ಹೂಮ್. ‘ನಿನ್ನನ್ನು ಯಾರು ಕರೆದರು?’ ಅಂದರೆ ‘ಹೂ ಕಾಲ್ಡ್ ಯು?’ ‘ನೀನು ಯಾರನ್ನು ಕರೆದೆ?’ ಅಂದರೆ ‘ಹೂಮ್ ಡಿಡ್ ಯು ಕಾಲ್?’ ‘ಯಾರಿಗೆ’ ಬಂದಾಗ ಮಾತ್ರ ಮೇಲೆ ಹೇಳಿದ ಎಚ್ಚರಿಕೆ ನೆನಪಿರಲಿ. ‘ಯಾರಿಗೆ ಕೊಟ್ಟೆ?’ ಅನ್ನುವುದಕ್ಕೆ ಹೂಮ್, ಆದರೆ ‘ಯಾರಿಗೆ ಗೊತ್ತು?’ ಅನ್ನುವುದಕ್ಕೆ ‘ಹೂ ನೋಸ್?’

ಮಾತಿನಲ್ಲಿ ‘ಹೂ ಡಿಡ್ ಯು ಕಾಲ್?’ ಅಂತಲೇ ಎಲ್ಲರೂ ಹೇಳುತ್ತಾರೆ. ಅದನ್ನು ತಪ್ಪು ಅಂತ ನಾನು ತಿದ್ದುವುದಿಲ್ಲ. ಪ್ರಿಪೊಸಿಷನ್ ಮೊದಲೇ ಬಂದುಬಿಟ್ಟರೆ ಮಾತ್ರ ‘ಹೂಮ್’ ಬೇಕೇ ಬೇಕು: ‘ಟು ಹೂಮ್ ಡಿಡ್ ಯು ಸ್ಪೀಕ್?’

ಗಟ್ಟಿಗರೂ ಎಡವುವ ಜಾಗ ಒಂದಿದೆ. ‘ಗಿವ್ ಇಟ್ ಟು ಹೂಎವರ್ ಕಮ್ಸ್ ಫಸ್ಟ್’. ‘ಟು’ ಇದೆಯಲ್ಲ, ಹಾಗಾಗಿ ‘ಹೂಮೆವರ್’ ಆಗಬೇಕು ಅಂತ ಅನ್ನಿಸುತ್ತದೆ. ಆದರೆ ಕನ್ನಡದಲ್ಲಿ ಹೇಳಿ ನೋಡಿ: ‘ಯಾರು ಮೊದಲು ಬರುತ್ತಾರೋ ಅವರಿಗೆ ಕೊಡು’. ಇಂಗ್ಲಿಷ್ ಒಂದೇ ಪದದಲ್ಲಿ ಗಂಟು ಹಾಕಿದ್ದನ್ನು ಕನ್ನಡ ಎರಡಾಗಿ ಬಿಡಿಸಿ ತೋರಿಸುತ್ತದೆ. ‘ಯಾರು’ ಬೇರೆ, ‘ಅವರಿಗೆ’ ಬೇರೆ. ‘ಬರುತ್ತಾರೋ’ ಅನ್ನುವುದಕ್ಕೆ ಸೇರಿದ್ದು ‘ಯಾರು’. ಹಾಗಾಗಿ ‘ಹೂಎವರ್’. ‘ನೀನು ಯಾರನ್ನು ಆರಿಸುತ್ತೀಯೋ ಅವರಿಗೆ ಕೊಡು’ ಅಂದರೆ ಆಗ ‘ಹೂಮೆವರ್ ಯು ಚೂಸ್’. ಇದನ್ನು ಕನ್ನಡದಲ್ಲಿ ತೋರಿಸಿದಾಗ ಎಷ್ಟೋ ಜನರ ಮುಖ ಅರಳಿದ್ದನ್ನು ನೋಡಿದ್ದೇನೆ.

‘ವಿ ಸ್ಟೂಡೆಂಟ್ಸ್’ ಸರಿಯಾ, ‘ಅಸ್ ಸ್ಟೂಡೆಂಟ್ಸ್’ ಸರಿಯಾ?

‘ಸ್ಟೂಡೆಂಟ್ಸ್’ ಮೇಲೆ ಬೆರಳಿಡಿ. ‘ವಿ ನೀಡ್ ಟೈಮ್’ ಆದ್ದರಿಂದ ‘ವಿ ಸ್ಟೂಡೆಂಟ್ಸ್ ನೀಡ್ ಟೈಮ್’. ‘ದೇ ಹೆಲ್ಪ್ಡ್ ಅಸ್’ ಆದ್ದರಿಂದ ‘ದೇ ಹೆಲ್ಪ್ಡ್ ಅಸ್ ಸ್ಟೂಡೆಂಟ್ಸ್’.

‘ಐ’ ಹಾಕಲೋ ‘ಮಿ’ ಹಾಕಲೋ ಗೊತ್ತಾಗದಾಗ ‘ಮೈಸೆಲ್ಫ್’ ಹಾಕಿದರೆ ಆಗುತ್ತದಾ?

ದಯವಿಟ್ಟು ಬೇಡ. ‘ಪ್ಲೀಸ್ ಕಾಂಟ್ಯಾಕ್ಟ್ ದ ಮ್ಯಾನೇಜರ್ ಆರ್ ಮೈಸೆಲ್ಫ್’ ಅನ್ನುವ ಸಾಲು ಆಫೀಸಿನ ಪತ್ರಗಳಲ್ಲಿ ತುಂಬಾ ಕಾಣುತ್ತದೆ. ಅಲ್ಲಿ ಬರಬೇಕಾದದ್ದು ಸಾದಾ ‘ಮಿ’. ಕೆಲಸ ಮಾಡುವವನೂ ನಾನೇ, ಅದು ತಾಗುವುದೂ ನನಗೇ ಅನ್ನುವಾಗ ‘ಮೈಸೆಲ್ಫ್’ ಬರುತ್ತದೆ: ‘ಐ ಹರ್ಟ್ ಮೈಸೆಲ್ಫ್’, ನಾನು ಗಾಯ ಮಾಡಿಕೊಂಡೆ. ಕನ್ನಡದ ‘ಕೊಂಡೆ’ ಇಲ್ಲಿ ಎಷ್ಟೋ ಸಲ ದಾರಿ ತೋರಿಸುತ್ತದೆ. ಇನ್ನು ‘ನಾನೇ ಮಾಡಿದೆ’ ಅಂತ ಒತ್ತಿ ಹೇಳಲು ‘ಐ ಡಿಡ್ ಇಟ್ ಮೈಸೆಲ್ಫ್’.

ಪರಿಚಯ ಹೇಳುವಾಗ ‘ಮೈಸೆಲ್ಫ್’ ಅಂತ ಶುರುಮಾಡಿ ಹೆಸರು ಹೇಳುವುದೂ ಇದೇ ಸಾಲಿಗೆ ಸೇರುತ್ತದೆ. ‘ಐ ಆಮ್’ ಅಂತ ಶುರುಮಾಡಿ. ಅಷ್ಟೇ ವಿನಯ, ಹೆಚ್ಚು ಸ್ಪಷ್ಟ.

‘ಐ’ ಯಾವಾಗಲೂ ಕೊನೆಗೇ ಬರಬೇಕಾ?

ಅದು ಸೌಜನ್ಯ, ವ್ಯಾಕರಣ ಅಲ್ಲ. ಬೇರೆಯವರನ್ನು ಮೊದಲು ಹೇಳಿ ತನ್ನನ್ನು ಕೊನೆಗೆ ಹೇಳುವುದು ಇಂಗ್ಲಿಷ್‌ನಲ್ಲಿ ರೂಢಿ. ‘ಮಿ’ ಬಂದಾಗಲೂ ಹಾಗೇ: ‘ಫಾರ್ ಹರ್ ಅಂಡ್ ಮಿ’. ಕ್ರಮ ಬದಲಾದರೆ ರೂಪ ಬದಲಾಗುವುದಿಲ್ಲ ಅನ್ನುವುದು ಮುಖ್ಯ.

ಒಬ್ಬರ ಬಗ್ಗೆಯೇ ‘ದೇ’ ಅಂತ ಬಳಸಿದಾಗ?

ನಿಯಮ ಅದೇ. ಕರ್ತೃ ಆದರೆ ‘ದೇ’, ಇಲ್ಲದಿದ್ದರೆ ‘ದೆಮ್’. ನಾವು ಒಬ್ಬರಿಗೇ ‘ಅವರು’, ‘ಅವರನ್ನು’ ಅನ್ನುವವರು. ನಮಗೆ ಇದು ಕಷ್ಟ ಆಗಬಾರದು.

ನಾಮಪದಗಳು ಬದಲಾಗುವುದಿಲ್ಲ, ಸರ್ವನಾಮ ಮಾತ್ರ ಯಾಕೆ ಬದಲಾಗುತ್ತದೆ? ‘ಯು’ ಯಾಕೆ ಬದಲಾಗುವುದಿಲ್ಲ?

ಹಳೆಯ ಇಂಗ್ಲಿಷ್‌ನಲ್ಲಿ ನಾಮಪದಗಳಿಗೂ ನಮ್ಮ ಹಾಗೆ ವಿಭಕ್ತಿ ಪ್ರತ್ಯಯಗಳಿದ್ದವು. ಕಾಲ ಕಳೆದಂತೆ ಪದಗಳ ಕೊನೆಯ ಉಚ್ಚಾರ ಸವೆಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲಿನ ಒಂದೆರಡು ಶತಮಾನಗಳಲ್ಲಿ ಹೆಚ್ಚಿನ ಪ್ರತ್ಯಯಗಳು ಉದುರಿಹೋದವು. ಆ ಕೆಲಸವನ್ನು ಪದಗಳ ಸ್ಥಾನ ವಹಿಸಿಕೊಂಡಿತು. ಮೊದಲು ಬಂದವನು ಕರ್ತೃ, ನಂತರ ಬಂದವನು ಕರ್ಮ. ಸರ್ವನಾಮಗಳು ದಿನಕ್ಕೆ ನೂರಾರು ಸಲ ಬಾಯಲ್ಲಿ ಬರುವ ಪದಗಳು. ಅಂಥ ಪದಗಳು ಹಳೆಯ ರೂಪವನ್ನು ಸುಲಭವಾಗಿ ಬಿಡುವುದಿಲ್ಲ.

ಅವುಗಳೂ ಸ್ವಲ್ಪ ಸವೆದಿವೆ. ಆಗ ‘ಅವನನ್ನು’ ಅನ್ನಲು ‘ಹಿನೆ’, ‘ಅವನಿಗೆ’ ಅನ್ನಲು ‘ಹಿಮ್’ ಅಂತ ಎರಡು ಪದಗಳಿದ್ದವು. ಈಗ ಎರಡಕ್ಕೂ ‘ಹಿಮ್’ ಒಂದೇ. ‘ಯು’ ಕೂಡ ಮೊದಲು ಕರ್ಮದ ರೂಪ ಮಾತ್ರ. ಕರ್ತೃ ಆದಾಗ ‘ಯೀ’ ಅನ್ನುತ್ತಿದ್ದರು. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ಈ ವ್ಯತ್ಯಾಸ ಕಾಣುತ್ತದೆ: ‘ಯೀ ಶಲ್ ನೋ ದ ಟ್ರೂತ್, ಅಂಡ್ ದ ಟ್ರೂತ್ ಶಲ್ ಮೇಕ್ ಯು ಫ್ರೀ’. ನೀವು ಸತ್ಯವನ್ನು ತಿಳಿಯುವಿರಿ, ಸತ್ಯ ನಿಮ್ಮನ್ನು ಬಿಡಿಸುವುದು. ‘ನೀವು’ ಇರುವಲ್ಲಿ ಯೀ, ‘ನಿಮ್ಮನ್ನು’ ಇರುವಲ್ಲಿ ಯು. ಆಮೇಲೆ ‘ಯು’ ಎರಡೂ ಜಾಗ ಹಿಡಿಯಿತು.

ಇದನ್ನು ರೂಢಿ ಮಾಡಿಕೊಳ್ಳುವುದು ಹೇಗೆ?

ಅಭ್ಯಾಸದ ಪುಸ್ತಕ ಬೇಡ. ನೀವೇ ಬರೆದ ಹಳೆಯ ಇಮೇಲ್‌ಗಳನ್ನು ತೆರೆಯಿರಿ. ಹುಡುಕುವ ಜಾಗದಲ್ಲಿ ‘ಅಂಡ್ ಐ’, ‘ಅಂಡ್ ಮಿ’, ‘ಮೈಸೆಲ್ಫ್’ ಅಂತ ಇಂಗ್ಲಿಷ್‌ನಲ್ಲಿ ಹಾಕಿ ಹುಡುಕಿ. ಸಿಕ್ಕ ಒಂದೊಂದು ಸಾಲನ್ನೂ ಬೆರಳು ಮುಚ್ಚಿ, ಬಾಯಿ ಬಿಟ್ಟು ಓದಿ. ಮನಸ್ಸಿನಲ್ಲಿ ಓದಿದರೆ ಕಣ್ಣು ಜಾರಿಹೋಗುತ್ತದೆ, ಕಿವಿ ಜಾರುವುದಿಲ್ಲ. ಹದಿನೈದು ಇಪ್ಪತ್ತು ಸಾಲು ಹೀಗೆ ಓದುವ ಹೊತ್ತಿಗೆ ನಿಮ್ಮ ತಪ್ಪು ಯಾವ ಜಾತಿಯದು ಅಂತ ನಿಮಗೇ ಕಾಣುತ್ತದೆ. ಕೆಲವರದು ‘ಅಂಡ್’ ತಪ್ಪು, ಕೆಲವರದು ‘ನನಗೆ’ ತಪ್ಪು. ಯಾವುದು ಅಂತ ತಿಳಿದ ಮೇಲೆ ಮೇಲಿನ ಪ್ರಶ್ನೆಗಳಲ್ಲಿ ಅದೊಂದನ್ನು ಮಾತ್ರ ಮತ್ತೆ ಓದಿದರೆ ಸಾಕು.